ರಾಣಿಯ ಬಿಯರು, ಬಚ್ಚಲ ಕರೆಂಟು

ಎವರ್ಸನ್‌ಗೆ ಕರೆಂಟಿನ ಕೆಲಸ ಕಲಿಸಿದ್ದು ಅವನ ತಾಯಿ. ಕುರಿಚಿಬಾ ನಗರದ ಚಳಿಯಲ್ಲಿ, ಷವರಿನ ತಲೆಯೊಳಗೇ ಕೂತು ನೀರು ಕಾಯಿಸುವ ಕರೆಂಟಿನ ಕಾಯಿಲ್ ಸುಟ್ಟುಹೋದರೆ ಮನೆಯ ಗಂಡಸಾದವನು ಸ್ಟೂಲು ಹತ್ತಿ ಬದಲಿಸಬೇಕು. ಆ ಮನೆಯಲ್ಲಿ ಗಂಡಸು ಅಂತ ಉಳಿದವನು ಇವನೊಬ್ಬನೇ, ಅದೂ ಮೀಸೆ ಮೂಡುವುದಕ್ಕೆ ಮೊದಲು. ತಾಯಿ ಕೆಳಗೆ ನಿಂತು ಹೇಳಿಕೊಟ್ಟ ಪಾಠ ಚಿಕ್ಕದು. ಟೆಸ್ಟರ್ ಇಟ್ಟು ನೋಡು. ಎರಡು ತಂತಿಯಲ್ಲೂ ದೀಪ ಹತ್ತಬೇಕು. ಹತ್ತಿದರೆ ಮೇನ್ ಇಳಿಸಿ ಜೋಡಿಸು. ಆಮೇಲೆ ಸ್ನಾನ ಮಾಡು. ಇಷ್ಟೇ ಬಂಡವಾಳದ ಮೇಲೆ ಅವನು ತನ್ನನ್ನು ಅರ್ಧ ಎಲೆಕ್ಟ್ರಿಷಿಯನ್ ಅಂದುಕೊಂಡಿದ್ದ. ಉಳಿದರ್ಧ ಯಾರು ಅಂತ ಯಾರೂ ಕೇಳಿರಲಿಲ್ಲ.

ಕೆಲಸ ಹುಡುಕಿಕೊಂಡು ದಕ್ಷಿಣಕ್ಕಿಳಿದು ಟಿಂಬೊ ಊರಿನ ಅಂಗಿ ಕಾರ್ಖಾನೆಯೊಂದನ್ನು ಸೇರಿದ. ರವಾನೆಯಾಗುವ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುವುದು ಕೆಲಸ. ಅಲ್ಲೇ ಹೊಲಿಗೆ ವಿಭಾಗದ ಮೊರ್ಗಾನಾಳನ್ನು ಮದುವೆಯಾಗಿ ಅವಳ ಅಪ್ಪ ಅಮ್ಮನ ಗ್ಯಾರೇಜಿನ ಮೇಲಿನ ಕೋಣೆಯಲ್ಲಿ ಸಂಸಾರ ಹೂಡಿದ. ಹೂಡಿದ ಮೊದಲ ವಾರವೇ ತಾಯಿ ಕೊಟ್ಟಿದ್ದ ಮಿಕ್ಸಿಯನ್ನು ಗೋಡೆಗೆ ಸಿಕ್ಕಿಸಿ ಸುಟ್ಟ.

ಅತ್ತೆ, ಊರವರ ಗೌರವದ ಮಾತಿನಲ್ಲಿ ದೋನಾ ಎರ್ನಾ, ಹೊಗೆಯನ್ನು ಟವೆಲ್ಲಿನಿಂದ ಬೀಸಿ ಹೊರಹಾಕುತ್ತಾ ಹೇಳಿದ್ದರು: "ಇಲ್ಲಿ ಇನ್ನೂರಿಪ್ಪತ್ತು ವೋಲ್ಟು, ಹುಡುಗ. ನಿಮ್ಮೂರಿನ ಥರ ಅರ್ಧ ಕರೆಂಟಲ್ಲ."

"ಕುರಿಚಿಬಾದಿಂದ ಬಂದೋರೆಲ್ಲ ಒಂದೊಂದು ಸುಡ್ತಾರೆ ಬಿಡು," ಎಂದಿದ್ದರು ಮಾವ ವಿಗಾಂಡ್. "ನಿಂದು ಬೇಗ ಮುಗೀತು."

ಇಲ್ಲಿ ಇನ್ನೂರಿಪ್ಪತ್ತು. ಎವರ್ಸನ್ ಆ ಮಾತನ್ನು ಎದೆಯ ಮೇಲೆ ಹಚ್ಚೆ ಹಾಕಿಸಿಕೊಂಡವನಂತೆ ನೆನಪಿಟ್ಟ. ಮುಂದಾದ ಅನಾಹುತಕ್ಕೆಲ್ಲ ಅವನ ಮರೆವು ಕಾರಣವಲ್ಲ. ಅವನ ಜ್ಞಾಪಕಶಕ್ತಿ ಕಾರಣ.

ದೋನಾ ಎರ್ನಾ ಗುರಿಕಾರರ ಸಂಘದ ಸದಸ್ಯೆ. ಅಡುಗೆಮನೆಯಲ್ಲಿ ಕನ್ನಡಕವಿಲ್ಲದೆ ಉಪ್ಪು ಸಕ್ಕರೆ ಗೊತ್ತಾಗದ ಹೆಂಗಸು, ಬಂದೂಕು ಹಿಡಿದರೆ ಮಾತ್ರ ಹಲಗೆಯ ನಡುಬೊಟ್ಟನ್ನೇ ತೂತು ಮಾಡುತ್ತಿದ್ದರು. ಹೋದ ವರ್ಷ ಸಂಘದ ಹಬ್ಬದ ಗುರಿಸ್ಪರ್ಧೆಯಲ್ಲಿ ಗೆದ್ದು ರಾಣಿಯಾದರು. ರಾಣಿಯಾದವರನ್ನು ಮುಂದಿನ ಹಬ್ಬದ ದಿನ ಇಡೀ ಸಂಘ ಬ್ಯಾಂಡು ಬಾವುಟದೊಂದಿಗೆ ಮನೆಗೇ ಬಂದು ಕರೆದೊಯ್ಯಬೇಕು. ಬಂದವರ ಗಂಟಲನ್ನು ರಾಣಿ ಒದ್ದೆ ಮಾಡಿ ಕಳಿಸಬೇಕು. ಹಿಂದಿನ ರಾಣಿ ದೋನಾ ಎಡ್ಲಾ ಬಿಯರಿನ ಲಾರಿಯನ್ನೇ ಅಂಗಳದಲ್ಲಿ ನಿಲ್ಲಿಸಿದ್ದರು.

"ಲಾರಿ ತರಿಸೋದಕ್ಕೆ ರಾಣಿ ಯಾಕೆ, ಫೋನ್ ಸಾಕು," ಎಂದು ದೋನಾ ಎರ್ನಾ ಸಂಘದ ಸಭೆಯಲ್ಲಿ ಎಲ್ಲರೆದುರಿಗೂ ಹೇಳಿಬಿಟ್ಟರು. "ನಮ್ಮನೇಲಿ ಅಂಗಡಿ ಬಿಯರು ಇರಲ್ಲ. ನನ್ನಳಿಯ ಮಾಡ್ತಾನೆ."

ಹಾಗೆ ಹೇಳಲು ಧೈರ್ಯ ಕೊಟ್ಟವನು ಎವರ್ಸನ್ನೇ. ಒಂದು ಭಾನುವಾರ, ಬಾತುಕೋಳಿಯ ಊಟದ ಮೇಲೆ, ಕೇಳದೆಯೇ ಹೇಳಿದ್ದ: "ನಾನಿದ್ದೀನಲ್ಲ." ಅವನು ಅಲ್ಲಿಯವರೆಗೆ ಗ್ಯಾಸ್ ಒಲೆಯ ಮೇಲೆ ಚಿಕ್ಕ ಪಾತ್ರೆಯಲ್ಲಿ ಬಿಯರು ಕುದಿಸಿದ್ದು ನಿಜ. ಅದನ್ನು ಕುಡಿದವರು ಇನ್ನೂ ಬದುಕಿದ್ದದ್ದೂ ನಿಜ. ಆದರೆ ಇಡೀ ಸಂಘಕ್ಕೆ ಸಾಲುವಷ್ಟು ಮಾಡಲು ದೊಡ್ಡ ಪಾತ್ರೆ ಬೇಕು. ದೊಡ್ಡ ಪಾತ್ರೆಗೆ ಗ್ಯಾಸಿನ ಉರಿ ಸಾಲದು. ಕರೆಂಟೇ ಆಗಬೇಕು. ಕರೆಂಟು ಅಂದಮೇಲೆ, ಮನೆಯಲ್ಲೇ ಅರ್ಧ ಎಲೆಕ್ಟ್ರಿಷಿಯನ್ ಇದ್ದಾನಲ್ಲ.

ಅಲ್ಲಿಂದ ಅವನು ಯೋಜನೆ ಹಾಕಲು ಕುಳಿತ. ಬೇಸಿಗೆ ಹೋಗಿ ಚಳಿಗಾಲ ಬಂದರೂ ಏಳಲಿಲ್ಲ. ಎರಡು ಸ್ಟೀಲ್ ಪಾತ್ರೆ, ಒಂದೊಂದರ ಹೊಟ್ಟೆಯಲ್ಲೂ ಒಂದೊಂದು ಕಾಯಿಲ್. ನೀರು ಎಷ್ಟು ಕಾದಿದೆ ಅಂತ ನೋಡಿ ತಾನೇ ಉರಿ ಹಾಕಿ ತೆಗೆಯುವ ಕಂಟ್ರೋಲರ್. ಇವೆಲ್ಲವನ್ನೂ ಆಳುವುದಕ್ಕೆ ಒಂದು ಕಬ್ಬಿಣದ ಪೆಟ್ಟಿಗೆ, ಅದರ ಮುಖದ ಮೇಲೆ ಬಣ್ಣಬಣ್ಣದ ದೀಪ, ಕಾರಿನ ಹಾಗೆ ತಿರುಗಿಸುವ ಬೀಗದ ಕೈ, ಅಪಾಯ ಬಂದರೆ ಗುದ್ದಲು ನಾಯಿಕೊಡೆಯಂಥ ಕೆಂಪು ಗುಂಡಿ. ಚೀಟಿ ಅಂಟಿಸುವುದೇ ಹೊಟ್ಟೆಪಾಡಾದವನಿಗೆ ಚೀಟಿಯಿಲ್ಲದ ಗುಂಡಿ ಸಹಿಸಲಾಗಲಿಲ್ಲ. ಪ್ರತಿಯೊಂದಕ್ಕೂ ಅಚ್ಚಿನ ಹೆಸರು ಅಂಟಿಸಿದ. ಒಂದು ಚೀಟಿ ಕೊಂಚ ಓರೆಯಾಯಿತೆಂದು ಇಡೀ ಸಾಲನ್ನೇ ಕಿತ್ತು ಹೊಸದಾಗಿ ಹಾಕಿದ.

"ಕೂಸು ಹುಟ್ಟೋ ಮುಂಚೆ ಕುಲಾವಿ ಹೊಲಿಸ್ತಿದ್ದೀಯ," ಎಂದಳು ಮೊರ್ಗಾನಾ. "ಒಂದ್ಸಲ ಸ್ವಿಚ್ ಹಾಕಿ ನೋಡಬಾರ್ದಾ?"

"ಎಲ್ಲ ಮುಗೀಲಿ. ಅರ್ಧಂಬರ್ಧ ನೋಡೋದಲ್ಲ ಇದು."

"ನೋಡೋಕೆ ಚೆನ್ನಾಗಿದೆಯಪ್ಪ. ಗೋಡೆಗೆ ತೂಗುಹಾಕಿ ಮೇಣದಬತ್ತಿ ಹಚ್ಚೋಣ."

ಗ್ಯಾರೇಜಿನಲ್ಲಿ ಮಾವನ ಹಳೆಯ ಮರ ಕೊಯ್ಯುವ ಯಂತ್ರಕ್ಕಾಗಿ ಎಳೆದ ದಪ್ಪ ಲೈನಿತ್ತು. ಕರೆಂಟು ಹೊತ್ತು ತರುವ ಮೂರು ಜೀವ ತಂತಿ, ಒಂದು ನೀಲಿ, ಒಂದು ಹಸಿರು. ಹಸಿರು ನೆಲಕ್ಕೆ ಹೋಗುವ ಅರ್ತ್. ಅದನ್ನು ಎವರ್ಸನ್ ಭಕ್ತಿಯಿಂದ ಎರಡು ಪಾತ್ರೆಗೂ ಕಟ್ಟಿದ. ಆಮೇಲೆ ಟೆಸ್ಟರ್ ಹಿಡಿದ. ಒಂದು ತಂತಿಯಲ್ಲಿ ದೀಪ ಹತ್ತಿತು, ಪಕ್ಕದ್ದರಲ್ಲೂ ಹತ್ತಿತು. ತಾಯಿ ಕೆಳಗೆ ನಿಂತು ತಲೆಯಾಡಿಸಿದಂತಾಯಿತು. ಇಲ್ಲಿ ಇನ್ನೂರಿಪ್ಪತ್ತು, ಇನ್ನೂರಿಪ್ಪತ್ತಕ್ಕೆ ಎರಡು ಜೀವ ತಂತಿ. ಟೆಸ್ಟರ್ ಇಟ್ಟರೂ ಮಿಣುಕದ ಆ ನೀಲಿ ತಂತಿಯನ್ನು ಟಿಕೆಟ್ಟಿಲ್ಲದ ಪ್ರಯಾಣಿಕನಂತೆ ಮಡಚಿ, ಟೇಪು ಸುತ್ತಿ, ಮೂಲೆಗೆ ತುರುಕಿದ.

ಚೀಟಿಗಳ ಸಂಭ್ರಮದಲ್ಲಿ ದಿನ ಜಾರಿ, ಬಿಯರು ಹುದುಗಿ, ತಿಳಿಯಾಗಿ, ಹಬ್ಬಕ್ಕೆ ಸಿದ್ಧವಾಗಬೇಕೆಂದರೆ ಕುದಿಸಲು ಉಳಿದದ್ದು ಒಂದೇ ಶನಿವಾರ. ಅದನ್ನು ಬಿಟ್ಟರೆ ರಾಣಿಯ ಜಗಲಿಯಲ್ಲಿ ಬರೀ ಬ್ಯಾಂಡು. ಬೆಳಿಗ್ಗೆ ನೀರು ಹಾಕಿ ಪರೀಕ್ಷೆ, ಮಧ್ಯಾಹ್ನ ನಿಜವಾದ ಅಡುಗೆ ಎಂದು ಅವನು ಗೊತ್ತುಮಾಡಿಕೊಂಡಿದ್ದ. ಮೊಳಕೆ ಬಾರ್ಲಿಯನ್ನು ಆಗಲೇ ಒಡೆಸಿ ತಂದಿದ್ದ. ಯೀಸ್ಟನ್ನು ಸೀಸೆಯಲ್ಲಿ ಎಬ್ಬಿಸಿಟ್ಟಿದ್ದ. ಅದು ನೊರೆಯೆಬ್ಬಿಸಿಕೊಂಡು ಹಸಿದ ಮಗುವಿನಂತೆ ಕಾಯುತ್ತಿತ್ತು. ಆದರೆ ಪರೀಕ್ಷೆ ಬೆಳಿಗ್ಗೆ ಆಗಲಿಲ್ಲ. ಪೆಟ್ಟಿಗೆಯ ಮುಚ್ಚಳಕ್ಕೆ ಹೊಳಪು ಕೊಡುವುದರಲ್ಲಿ ಬೆಳಗು ಕಳೆಯಿತು.

ಮಧ್ಯಾಹ್ನದ ಊಟವಾದ ಮೇಲೆ ಮಾವ ಮತ್ತು ಮೊರ್ಗಾನಾರನ್ನು ಗ್ಯಾರೇಜಿಗೆ ಕರೆದು, ಬೀಗದ ಕೈ ತಿರುಗಿಸಿದ.

ದೀಪಗಳು ಹತ್ತಿದವು. ಅವು ಇಷ್ಟು ಪ್ರಖರವಾಗಿರುತ್ತವೆಂದು ಅವನು ಊಹಿಸಿರಲಿಲ್ಲ. ಪಾತ್ರೆಯ ನೀರು ಗೊರ್ರೆಂದಿತು.

"ನೋಡಿ, ಎಷ್ಟು ಬೇಗ!" ಎಂದ ಎವರ್ಸನ್.

"ತುಂಬಾ ಬೇಗ ಅಲ್ವಾ?" ಎಂದರು ಮಾವ.

ದೀಪಗಳು ಒಂದೊಂದಾಗಿ ಕಣ್ಣು ಮುಚ್ಚಿದವು. ಕಂಟ್ರೋಲರ್ ಪಟಾಕಿಯ ಸದ್ದು ಮಾಡಿ ಹೊಗೆಯುಗುಳಿತು. ಇಂಥ ಹೊತ್ತಿಗೆಂದೇ ಇಟ್ಟಿದ್ದ ಕೆಂಪು ಗುಂಡಿ ಕಣ್ಣೆದುರಿಗೇ ಇತ್ತು. ಹೆಸರಿನ ಚೀಟಿಯೂ ಇತ್ತು. ಎವರ್ಸನ್ ಅದನ್ನು ಗುದ್ದಲಿಲ್ಲ. ಹುಟ್ಟುಹಬ್ಬದ ಕೇಕಿನ ಮುಂದೆ ನಿಂತವನಂತೆ ಬಾಗಿ, ಹೊಗೆಯನ್ನು ಉಫ್ ಎಂದು ಊದಿದ. ಅಷ್ಟರಲ್ಲಿ ಪಾತ್ರೆಯೊಳಗೆ ಏನೋ ಠಪ್ಪೆಂದಿತು, ಗೋಡೆಯ ಬ್ರೇಕರು ಕಪ್ಪಾಯಿತು, ಬೀದಿಗೋಡೆಯ ಮೇನ್ ಬಿದ್ದು ಇಡೀ ಮನೆ ತಣ್ಣಗಾಯಿತು.

ಮಾವ ಅಳಿಯನನ್ನು ಕಾಲರ್ ಹಿಡಿದು ಹಿಂದಕ್ಕೆಳೆದರು. ಕೈಬೆರಳುಗಳನ್ನು ತಿರುಗಿಸಿ ನೋಡಿದರು. "ಎಲ್ಲ ಇದಾವೆ," ಎಂದು ಮಗಳಿಗೆ ವರದಿ ಒಪ್ಪಿಸಿದರು.

ಬಚ್ಚಲುಮನೆಯಿಂದ ದೋನಾ ಎರ್ನಾರ ದನಿ ಕೇಳಿಸಿತು. ಕೂಗಲ್ಲ, ಅದಕ್ಕಿಂತ ಕೆಟ್ಟದ್ದು, ಶಾಂತವಾದ ದನಿ. "ಎವರ್ಸನ್. ನನ್ನ ತಲೆ ತುಂಬ ಸೋಪಿದೆ."

ಅವರು ಟವೆಲ್ ಸುತ್ತಿದ ತಲೆಯಲ್ಲಿ, ಗಂಡನ ಕೋಟು ಹೊದ್ದು ಗ್ಯಾರೇಜಿನ ಬಾಗಿಲಲ್ಲಿ ನಿಂತಾಗ ಎವರ್ಸನ್‌ಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತು. ಒಂದು ಕಾಯಿಲ್ ಹೋಗಿತ್ತು. ಕಂಟ್ರೋಲರ್ ಹೋಗಿತ್ತು. ಗ್ಯಾರೇಜಿನ ಬ್ರೇಕರು ಕರಗಿತ್ತು. ಶನಿವಾರ ಮಧ್ಯಾಹ್ನದ ಮೇಲೆ ಊರಿನಲ್ಲಿ ಒಂದು ಸ್ಕ್ರೂ ಮಾರುವ ಅಂಗಡಿಯೂ ತೆರೆದಿರುವುದಿಲ್ಲ.

"ನಿಮ್ಮ ಮಾನ ಕಳೆದೆ, ದೋನಾ ಎರ್ನಾ," ಎಂದ. "ಸಂಘದವರಿಗೆ ನಾನೇ ಹೋಗಿ ಹೇಳ್ತೀನಿ."

"ಏನಂತ? ಬಿಯರು ಇಲ್ಲ, ಅಳಿಯ ಇದಾನೆ, ಅವನನ್ನೇ ಕುಡೀರಿ ಅಂತಲಾ?" ಅವರು ಹೊಗೆಯ ವಾಸನೆ ನೋಡಿದರು. "ನೀನು ಹೊರಗಿನವನಲ್ಲ, ಮಗಳ ಗಂಡ. ಸುಟ್ಟಿದ್ದು ತಂತಿ ತಾನೆ? ಚರ್ಮ ಅಲ್ಲವಲ್ಲ. ಉಳಿದಿರೋದು ಏನು, ಅದನ್ನ ಹೇಳು."

ಉಳಿದಿದ್ದದ್ದು ಎರಡನೇ ಪಾತ್ರೆ. ಅದರ ಕಾಯಿಲ್‌ಗೆ ಬೇರೆ ಸ್ವಿಚ್ ಇದ್ದದ್ದರಿಂದ ಬದುಕಿತ್ತು. ಆದರೆ ಅಷ್ಟು ದೊಡ್ಡ ಕಾಯಿಲ್ ಹೊರುವ ಲೈನು ಮನೆಯಲ್ಲಿ ಇನ್ನೊಂದೇ ಒಂದಿತ್ತು: ಷವರಿನದು.

ನಾಲ್ವರೂ ಬಚ್ಚಲುಮನೆಯ ಕಡೆ ನೋಡಿದರು.

"ನಾನು ಮೊದಲು ತಲೆ ತೊಳ್ಕೋತೀನಿ," ಎಂದರು ದೋನಾ ಎರ್ನಾ.

ಮೇನ್ ಎತ್ತಿ, ಅತ್ತೆಯ ಸ್ನಾನ ಮುಗಿಸಿ, ಷವರನ್ನು ಬಿಚ್ಚಿ ಇಳಿಸಿದ ಮೇಲೆ ಎವರ್ಸನ್ ಸ್ಟೂಲು ಹತ್ತಿ ಟೆಸ್ಟರ್ ಹಿಡಿದ. ಒಂದು ತಂತಿಯಲ್ಲಿ ದೀಪ ಹತ್ತಿತು. ಇನ್ನೊಂದರಲ್ಲಿ ಹತ್ತಲಿಲ್ಲ. ಒರೆಸಿ ಇಟ್ಟ, ಹತ್ತಲಿಲ್ಲ. ಅದರ ಬಣ್ಣ ನೀಲಿ.

"ಮಾವ, ಇದರಲ್ಲಿ ಒಂದು ತಂತಿ ಸತ್ತೋಗಿದೆ. ಇಷ್ಟು ವರ್ಷ ನೀವೆಲ್ಲ ಹೇಗೆ ಸ್ನಾನ ಮಾಡ್ತಿದ್ರಿ?"

"ಬಿಸಿನೀರಲ್ಲಿ," ಎಂದರು ವಿಗಾಂಡ್.

ಎವರ್ಸನ್ ಸ್ಟೂಲಿನ ಮೇಲೆ ಹಾಗೇ ನಿಂತ. ಮೇಲೆ ನಿಂತಿದ್ದವನಿಗೆ ತಾನು ಎಷ್ಟು ಕೆಳಗಿದ್ದೇನೆಂದು ನಿಧಾನವಾಗಿ ಹೊಳೆಯಿತು. ತನ್ನೂರಿನಲ್ಲಿ ಒಂದೊಂದು ಜೀವ ತಂತಿಯೂ ಬಡವ. ಇಬ್ಬರು ಕೈಹಿಡಿದರೆ ಇನ್ನೂರಿಪ್ಪತ್ತು. ಇಲ್ಲಿ ಒಂದು ತಂತಿಯೇ ಇನ್ನೂರಿಪ್ಪತ್ತರ ಸಾಹುಕಾರ. ಅದಕ್ಕೆ ಜೊತೆ ಬೇಕಾದ್ದು ಈ ಬಡಪಾಯಿ ನೀಲಿ, ಅಂದರೆ ನ್ಯೂಟ್ರಲ್. ಇಬ್ಬರು ಸಾಹುಕಾರರನ್ನು ಕೂಡಿಸಿದರೆ ಹುಟ್ಟುವುದು ಮುನ್ನೂರೆಂಬತ್ತು. ಅವನು ಇಬ್ಬರನ್ನೂ ಕೂಡಿಸಿ, ಬಡಪಾಯಿಯ ಬಾಯಿಗೆ ಟೇಪು ಸುತ್ತಿದ್ದ.

"ಏನಾಯ್ತು?" ಎಂದಳು ಮೊರ್ಗಾನಾ ಕೆಳಗಿನಿಂದ.

"ಎರಡನೇ ಮಿಕ್ಸಿ ಸುಟ್ಟೆ," ಎಂದ. ನಾಚಿಕೆಯ ಜೊತೆಗೇ ಒಂದು ಹಗುರು ಬಂತು. ದೆವ್ವವಲ್ಲ, ಶಾಪವಲ್ಲ, ಮನೆಯ ತಂತಿ ಹಾಳಾಗಿದ್ದಲ್ಲ, ಬರೀ ದಡ್ಡತನ. ದಡ್ಡತನಕ್ಕೆ ಮದ್ದುಂಟು.

ಬಚ್ಚಲ ನೆಲವನ್ನು ಒಣಬಟ್ಟೆಯಿಂದ ಒರೆಸಿದರು. ಷವರಿನ ಕೆಳಗೆ ಮರದ ಮಣೆ, ಮಣೆಯ ಮೇಲೆ ಪಾತ್ರೆ. ಹಸಿರು ತಂತಿ ಪಾತ್ರೆಯ ಮೈಗೆ, ಒಂದು ಜೀವ ತಂತಿ, ಒಂದು ನೀಲಿ. ಎರಡು ಪಾತ್ರೆಯ ಕೆಲಸ ಒಂದರಲ್ಲೇ ಆಗಬೇಕಾದ್ದರಿಂದ ಮೊರ್ಗಾನಾ ಅಡುಗೆಮನೆಯ ತೆಳು ಪರದೆಯನ್ನು ಇಳಿಸಿ, ಕುದಿನೀರಲ್ಲಿ ಅದ್ದಿ, ಬಾರ್ಲಿ ತುಂಬಲು ಚೀಲ ಹೊಲಿದುಕೊಟ್ಟಳು. ಕಂಟ್ರೋಲರ್ ಸತ್ತಿದ್ದರಿಂದ ಕರೆಂಟು ಹಾಕಿ ತೆಗೆಯಲು ಷವರಿನ ಬ್ರೇಕರೇ ಗತಿ; ಅದಿರುವುದು ಅಡುಗೆಮನೆಯ ಗೋಡೆಯಲ್ಲಿ. ಅಲ್ಲಿ ದೋನಾ ಎರ್ನಾ ಕುರ್ಚಿ ಹಾಕಿಕೊಂಡು ಕುಳಿತರು. ಎವರ್ಸನ್ ಬಚ್ಚಲಲ್ಲಿ ಥರ್ಮಾಮೀಟರ್ ಹಿಡಿದು ನಿಂತ. ಬಾರ್ಲಿ ನೆನೆಯುವಾಗ ನೀರು ಹೆಚ್ಚು ಕಾದರೆ ಸಿಹಿ ಬಿಡುವುದಿಲ್ಲ, ಕಡಿಮೆಯಾದರೆ ಬಿಯರು ಸಪ್ಪೆ.

"ಹಾಕಿ!"

"ಹಾಕಿದೆ."

"ತೆಗೀರಿ!"

"ತೆಗೆದೆ."

ಮೊದಲೆರಡು ಸಲ ಕಾವು ಹದ ದಾಟಿ ಓಡಿತು. ಕರೆಂಟು ತೆಗೆದ ಮೇಲೂ ಕಾಯಿಲ್ ತನ್ನ ಬಿಸಿಯನ್ನು ಬಿಡುತ್ತಲೇ ಇರುತ್ತಿತ್ತು. ಮೂರನೆಯ ಸಲ ಎವರ್ಸನ್ ಬಾಯಿ ತೆರೆಯುವ ಮೊದಲೇ ಅಡುಗೆಮನೆಯಿಂದ ಟಕ್ ಎಂದಿತು.

"ನಾನಿನ್ನೂ ಹೇಳಲಿಲ್ಲ, ದೋನಾ ಎರ್ನಾ!"

"ನೀನು ಹೇಳೋ ಹೊತ್ತಿಗೆ ತಡ ಆಗಿರುತ್ತೆ. ಗುರಿ ಸರಿಯಾಗಿ ಕಂಡ ಮೇಲೆ ಬಂದೂಕಿನ ಕುದುರೆ ಒತ್ತಿದ್ರೆ ಗುಂಡು ದಾಟಿಹೋಗುತ್ತೆ. ಹಿಂದಿನ ಸಲ ಎಷ್ಟು ಹೊತ್ತು ಹಾಕಿದ್ದೆ ಅಂತ ಉಸಿರಲ್ಲಿ ಎಣಿಸ್ಕೊಂಡಿದ್ದೀನಿ. ನೀನು ಅಂಕಿ ಮಾತ್ರ ಹೇಳು, ಬುದ್ಧಿ ಹೇಳಬೇಡ."

ಅವನು ಅಂಕಿ ಮಾತ್ರ ಹೇಳಿದ. ಅಲ್ಲಿಂದ ಕಾವು ಕಟ್ಟಿಹಾಕಿದ ಕರುವಿನಂತೆ ನಿಂತಲ್ಲೇ ನಿಂತಿತು. ಬಚ್ಚಲ ತುಂಬ ಹುರಿದ ಬ್ರೆಡ್ಡಿನಂಥ ಹಿತವಾದ ವಾಸನೆ ಏಳುತ್ತಿದ್ದಾಗ ಬೀದಿಬಾಗಿಲಲ್ಲಿ, ಮನೆಯವರನ್ನು ಕರೆಯಲು ತಟ್ಟುವ ಚಪ್ಪಾಳೆ ಕೇಳಿಸಿತು. ಬಂದವರು ದೋನಾ ಎಡ್ಲಾ, ಹಿಂದಿನ ರಾಣಿ. ಹಬ್ಬದಲ್ಲಿ ಎರ್ನಾಗೆ ಹೆಗಲಿನಿಂದ ಅಡ್ಡಲಾಗಿ ತೊಡಿಸಬೇಕಾದ ರಾಣಿಯ ಬಟ್ಟೆಪಟ್ಟಿಯನ್ನು ಇಸ್ತ್ರಿ ಮಾಡಿ ತಂದಿದ್ದರು. ಪಟ್ಟಿಯನ್ನು ಕೊಟ್ಟು ಹೋಗಬಹುದಿತ್ತು, ಕುಳಿತರು.

"ಏನೋ ಘಮ್ ಅಂತಿದೆ," ಎಂದರು.

"ಬ್ರೆಡ್ಡು," ಎಂದರು ದೋನಾ ಎರ್ನಾ, ಬೆನ್ನ ಹಿಂದಿನ ಬ್ರೇಕರಿನ ಮೇಲೆ ಬೆರಳಿಟ್ಟುಕೊಂಡೇ.

"ಒಲೆ ಆರಿದೆಯಲ್ಲ."

"ಅರವತ್ತಾರು!" ಎಂದು ಬಚ್ಚಲಿನಿಂದ ಕೂಗಿದ ಎವರ್ಸನ್. ಅವನಿಗೆ ಅತಿಥಿ ಬಂದದ್ದು ತಿಳಿಯದು.

ದೋನಾ ಎಡ್ಲಾ ಹುಬ್ಬೇರಿಸಿದರು. "ನಿಮ್ಮಳಿಯ ಬಚ್ಚಲಲ್ಲಿ ಏನು ಎಣಿಸ್ತಿದ್ದಾನೆ?"

"ಕುರಿಚಿಬಾದವರು ಎಡ್ಲಾ, ಹಾಗೇ. ಹೊಟ್ಟೆ ಸರಿಯಿಲ್ಲ ಪಾಪ."

"ಇರಲಿ. ಅವನು ಬಂದ ಮೇಲೆ ನಾನೊಂದ್ಸಲ ಹೋಗ್ಬೇಕಿತ್ತು."

ರಾಣಿಯ ಬಿಯರು ಬಚ್ಚಲಲ್ಲಿ ಬೇಯುತ್ತಿದೆಯೆಂದು ಈ ಬಾಯಿಗೆ ಗೊತ್ತಾದರೆ, ಭಾನುವಾರದ ಪ್ರಾರ್ಥನೆ ಮುಗಿಯುವಷ್ಟರಲ್ಲಿ ಊರಿಗೆಲ್ಲ ಗೊತ್ತಾದ ಹಾಗೆ. ಆಮೇಲೆ ಅದು ಅಮೃತವಾದರೂ ಲೋಟ ಮುಟ್ಟುವವರಿಲ್ಲ. ವಿಗಾಂಡ್ ಎದ್ದು ಮೇಲಿನ ಕೋಣೆಯ ಬೀಗದ ಕೈ ತೆಗೆದು, ಮದುಮಗಳನ್ನು ಕರೆದೊಯ್ಯುವಂತೆ ಎಡ್ಲಾರ ಮೊಣಕೈ ಹಿಡಿದರು.

"ಬನ್ನಿ, ಮೇಲಿನ ಕಕ್ಕಸು ಹೊಸದು. ಇದಕ್ಕೆ ಈಗ ಹೋಗಬೇಡಿ. ಅವನು ಒಳಗಿದ್ದು ಬಹಳ ಹೊತ್ತಾಯ್ತು."

"ಅಷ್ಟೊಂದಾ?"

"ನಾನು ಆ ಹುಡುಗನಿಗೋಸ್ಕರ ಪ್ರಾರ್ಥನೆ ಮಾಡ್ತಿದ್ದೀನಿ," ಎಂದರು ವಿಗಾಂಡ್ ಗಂಭೀರವಾಗಿ.

ಎವರ್ಸನ್‌ನ ಹೊಟ್ಟೆಯ ಸುದ್ದಿ ಸೋಮವಾರ ಕಾರ್ಖಾನೆಯನ್ನೂ ತಲುಪಿತು. ಮೂರು ಜನ ಕಷಾಯ ಹೇಳಿದರು. ಅವನು ಮೂರಕ್ಕೂ ತಲೆಬಾಗಿ ವಂದಿಸಿದ; ಬಿಯರಿನ ಮಾನಕ್ಕಿಂತ ಹೊಟ್ಟೆಯ ಮಾನ ದೊಡ್ಡದಲ್ಲ. ಆ ಶನಿವಾರ ರಾತ್ರಿಯೊಳಗೇ ಕಹಿಗೆಂದು ಹಾಪ್ಸ್ ಹೂ ಹಾಕಿ ಕುದಿಸಿ, ಆರಿಸಿ, ಹಳೆಯ ಫ್ರಿಜ್ಜಿನೊಳಗಿನ ಡಬ್ಬಕ್ಕೆ ಇಳಿಸಿ, ಯೀಸ್ಟ್ ಸುರಿದಾಗಿತ್ತು. ಮರುದಿನ ಡಬ್ಬಕ್ಕೆ ಕಿವಿಯಿಟ್ಟಾಗ ಒಳಗೆ ಗುಳುಗುಳು ಕೇಳಿ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಆ ಹಾಲು ಬಹಳ ದಿನ ನಿಲ್ಲಲಿಲ್ಲ. ಗುಳುಗುಳು ನಿಂತ ಮೇಲೆ ಅದರ ಒಳಗೇನಿದೆಯೋ, ಬಿಯರೋ ಸೋಪಿನ ನೀರೋ, ಅನ್ನುವ ಯೋಚನೆ ಊಟದ ತಟ್ಟೆಯ ಪಕ್ಕದಲ್ಲೇ ಬಂದು ಕೂರುತ್ತಿತ್ತು; ಅವನ ತಟ್ಟೆ ದಿನಾ ಅರ್ಧಕ್ಕೇ ಹಿಂದಿರುಗುತ್ತಿತ್ತು. ರುಚಿ ನೋಡಲು ದೋನಾ ಎರ್ನಾ ಬಿಡಲಿಲ್ಲ. "ಗುಂಡು ಹಾರಿಯಾಯ್ತು," ಎಂದರು. "ಈಗ ಕೊಳವೆಯೊಳಗೆ ಇಣುಕಿದ್ರೆ ಪ್ರಯೋಜನ ಇಲ್ಲ."

ಹಬ್ಬದ ದಿನ ಬ್ಯಾಂಡಿನ ಸದ್ದು ತಿರುವಿನಲ್ಲಿ ಕೇಳಿಸಿತು. ಹಸಿರು ಕೋಟಿನ, ಗರಿ ಸಿಕ್ಕಿಸಿದ ಟೋಪಿಯ ಸಂಘ ಬಾವುಟ ಹಿಡಿದು ಬಂದು ಅಂಗಳದಲ್ಲಿ ಸಾಲುಗಟ್ಟಿ ನಿಂತಿತು. ದೋನಾ ಎಡ್ಲಾ ಮುಂದೆ ಬಂದು ಪಟ್ಟಿ ತೊಡಿಸಿದರು. ರಾಣಿ ಪದಕಗಳ ಭಾರದಲ್ಲಿ ಜಗಲಿಯ ಮೇಲೆ ನೆಟ್ಟಗೆ ನಿಂತು, ಒಳಗೆ ಬನ್ನಿ ಎಂದರು. ಮೊದಲ ಲೋಟ ಹಿಂದಿನ ರಾಣಿಗೆ ಸಲ್ಲಬೇಕು.

ಎವರ್ಸನ್ ಪೀಪಾಯಿಯ ನಲ್ಲಿ ತಿರುಗಿಸಿದ. ಬಣ್ಣ ಬಂಗಾರ. ನೊರೆ ನಿಂತಿತು. ಇಷ್ಟಕ್ಕೆ ದೇವರಿಗೆ ವಂದನೆ. ದೋನಾ ಎಡ್ಲಾ ಲೋಟವನ್ನು ಬೆಳಕಿಗೆ ಹಿಡಿದರು, ಮೂಸಿದರು, ಕುಡಿದರು. ಮುಖದಲ್ಲಿ ಏನೂ ಇರಲಿಲ್ಲ. ಆ ಊರಿನವರು ಚೆನ್ನಾಗಿದೆ ಎಂದು ಹೇಳುವುದನ್ನು ಯಾರೂ ಕೇಳಿದ್ದಿಲ್ಲ. ಚೆನ್ನಾಗಿಲ್ಲ ಎಂಬುದನ್ನು ಮಾತ್ರ ಸ್ಪಷ್ಟವಾಗಿ ಹೇಳುತ್ತಾರೆ. ಅವರು ಇನ್ನೊಂದು ಗುಟುಕು ಕುಡಿದರು. ಬ್ಯಾಂಡಿನವನೊಬ್ಬ ಕೆಮ್ಮಿದ. ಎವರ್ಸನ್ ಜಗಲಿಯ ಕಂಬ ಹಿಡಿದುಕೊಂಡ.

ದೋನಾ ಎಡ್ಲಾ ಖಾಲಿ ಲೋಟವನ್ನು ಅವನ ಮುಂದೆ ಚಾಚಿದರು.

"ಈ ಸಲ ನೊರೆ ಕಡಿಮೆ ಹಾಕು, ಹುಡುಗ. ನೊರೆ ಕುಡಿಯೋಕೆ ಬಂದಿಲ್ಲ ನಾನು."

ಸಾಲು ಮುರಿಯಿತು. ಲೋಟಗಳು ಎಲ್ಲ ಕಡೆಯಿಂದ ಚಾಚಿಕೊಂಡವು. ಊದುವವರು ಊದುವುದನ್ನು ಬಿಟ್ಟು ಬಂದರು. ಜಗಲಿಯ ಮೇಲೆ ದೋನಾ ಎರ್ನಾ ಯಾರ ಕಡೆಗೂ ನೋಡದೆ ದೂರದ ಬೆಟ್ಟವನ್ನು ನೋಡುತ್ತಿದ್ದರು. ಎದೆಯ ಮೇಲಿನ ಪದಕಗಳೆಲ್ಲ ಒಟ್ಟಿಗೆ ಒಮ್ಮೆ ಮೇಲೆದ್ದು ಕೆಳಗಿಳಿದವು. ಆಗ ಎವರ್ಸನ್‌ಗೆ ಗೊತ್ತಾಯಿತು, ಈ ದಿನಗಳಲ್ಲೆಲ್ಲ ಉಸಿರು ಹಿಡಿದಿದ್ದವನು ತಾನೊಬ್ಬನೇ ಅಲ್ಲ.

ಪೀಪಾಯಿ ಗೊರಗೊರ ಎಂದು ಖಾಲಿಯಾದ ಮೇಲೆ ಮೆರವಣಿಗೆ ರಾಣಿಯನ್ನು ನಡುವೆ ನಿಲ್ಲಿಸಿಕೊಂಡು ಹೊರಟಿತು. ಮೊರ್ಗಾನಾ ಗಂಡನನ್ನು ಕರೆಯಲು ಒಳಗೆ ಬಂದಾಗ ಅವನು ಅಡುಗೆಮನೆಯಲ್ಲಿ ನಿಂತು, ಆಲೂಗಡ್ಡೆ ಸಲಾಡಿನ ಬೋಗುಣಿಯನ್ನು ಎದೆಗೆ ಒತ್ತಿಕೊಂಡು, ಬಡಿಸುವ ಸೌಟಿನಲ್ಲೇ ತಿನ್ನುತ್ತಿದ್ದ.

"ಎಲ್ಲರೂ ತಿರುವು ದಾಟಿದ್ರು. ಅಮ್ಮ ಹಿಂದೆ ತಿರುಗಿ ತಿರುಗಿ ನೋಡ್ತಿದ್ದಾರೆ, ಅಳಿಯ ಎಲ್ಲಿ ಅಂತ."

"ಬಂದೆ," ಎಂದ ಎವರ್ಸನ್, ಬಾಯಿ ತುಂಬಿಕೊಂಡು. "ಒಂದ್ನಿಮಿಷ. ಭಾರೀ ಹಸಿವು ಕಣೇ."